ಬಾಯಿಯ ಒಳಪದರದ ಕಾವಲುಗಾರರು
ಎಚ್‌ಐವಿ ಸೋಂಕಿನ ಬಗ್ಗೆ ಪ್ರತಿ ಮನೆಯೂ ಅರಿಯಬೇಕಾದ ಸಂಗತಿ

ಹಿಂದಿನ ಕಾಲದ ವೈದ್ಯರು ರೋಗಿಯ ನಾಡಿ ಹಿಡಿದ ಬಳಿಕ ಹೇಳುತ್ತಿದ್ದ ಮೊದಲ ಮಾತು ‘ನಾಲಿಗೆ ಚಾಚು’ ಎಂಬುದು. ಇಂದಿನ ವೈದ್ಯರೂ ಟಾರ್ಚು ಹಿಡಿದು ಬಾಯೊಳಗೆ ನೋಡುವುದನ್ನು ಬಿಟ್ಟಿಲ್ಲ. ದೇಹದ ಒಳಗೆ ನಡೆಯುವ ಅನೇಕ ಬದಲಾವಣೆಗಳು ಮೊದಲು ಬಾಯಲ್ಲಿಯೇ ತೋರಿಕೊಳ್ಳುತ್ತವೆ ಎಂಬ ಅನುಭವವೇ ಇದಕ್ಕೆ ಕಾರಣ. ಎಚ್‌ಐವಿ ಸೋಂಕಿನ ವಿಷಯದಲ್ಲಂತೂ ಈ ಮಾತು ಅಕ್ಷರಶಃ ನಿಜ. ಈ ಸೋಂಕಿನ ಹೆಸರು ಕೇಳಿದೊಡನೆ ನಾವು ರಕ್ತದ ಪರೀಕ್ಷೆಯನ್ನಷ್ಟೇ ನೆನೆಯುತ್ತೇವೆ. ಆದರೆ ಕೆನ್ನೆಯ ಒಳಭಾಗದಲ್ಲಿ, ನಾಲಿಗೆಯ ಅಂಚಿನಲ್ಲಿ, ಅಂಗುಳಿನ ಮೇಲೆ ಅದು ಬರೆಯುವ ಬರಹವನ್ನು ಓದಬಲ್ಲವರು ಎಷ್ಟೋ ಜೀವಗಳನ್ನು ಸಕಾಲದಲ್ಲಿ ಉಳಿಸಬಲ್ಲರು.

ಏಡ್ಸ್ ರೋಗದ ಇತಿಹಾಸವೇ ಇದಕ್ಕೆ ಸಾಕ್ಷಿ. ೧೯೮೧ರ ಜೂನ್ ೫ರಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ವಾರಪತ್ರಿಕೆಯಲ್ಲಿ ಒಂದು ಚಿಕ್ಕ ವರದಿ ಪ್ರಕಟವಾಯಿತು. ಲಾಸ್ ಏಂಜಲೀಸ್ ನಗರದ ಐವರು ಯುವಕರಿಗೆ ಬಹು ಅಪರೂಪದ ಒಂದು ಬಗೆಯ ನ್ಯುಮೋನಿಯಾ ತಗಲಿತ್ತು. ಏಡ್ಸ್ ಕುರಿತು ಜಗತ್ತಿಗೆ ದೊರೆತ ಮೊದಲ ಅಧಿಕೃತ ವರದಿ ಅದು. ಆ ಐವರಲ್ಲಿಯೂ ಕಂಡುಬಂದ ಇನ್ನೊಂದು ಸಂಗತಿಯನ್ನು ವರದಿ ದಾಖಲಿಸಿದೆ: ಎಲ್ಲರಿಗೂ ಲೋಳೆಪದರದ ಮೇಲೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಇತ್ತು. ವೈರಾಣುವಿನ ಹೆಸರು ಇನ್ನೂ ಯಾರಿಗೂ ತಿಳಿಯದಿದ್ದ ಆ ದಿನಗಳಲ್ಲಿಯೇ ದೇಹದ ಮೆದು ಪದರಗಳು ಸುಳಿವು ಕೊಟ್ಟಿದ್ದವು. ೧೯೮೩ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯ ಫ್ರಾನ್ಸ್ವಾಸ್ ಬಾರೆ-ಸಿನೂಸಿ ಮತ್ತು ಲುಕ್ ಮೋಂತಾನ್ಯೆ ಅವರ ತಂಡ ಈ ವೈರಾಣುವನ್ನು ಪತ್ತೆಹಚ್ಚಿತು. ಅವರಿಬ್ಬರಿಗೂ ೨೦೦೮ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಹೊಸ್ತಿಲಿನ ರಚನೆ

ಬಾಯಿ ದೇಹದ ಹೆಬ್ಬಾಗಿಲು. ಅನ್ನ, ನೀರು, ಗಾಳಿ, ಧೂಳು, ಇವುಗಳೊಡನೆ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಈ ಬಾಗಿಲಿನಿಂದಲೇ ಒಳಗೆ ಬರುತ್ತವೆ. ಆದರೂ ಬಾಯಲ್ಲಿ ಆದ ಚಿಕ್ಕ ಗಾಯ ಚರ್ಮದ ಗಾಯಕ್ಕಿಂತ ಬೇಗ ಮಾಯುತ್ತದೆ. ಇದು ಹೇಗೆ ಸಾಧ್ಯವೆಂಬುದನ್ನು ಅರಿಯಲು ಬಾಯಿಯ ಒಳಪದರದ ರಚನೆಯನ್ನು ನೋಡಬೇಕು.

ಕೆನ್ನೆಯ ಒಳಗೋಡೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟಂತೆ ಜೀವಕೋಶಗಳ ಹಲವು ವರಸೆಗಳು ಕಾಣುತ್ತವೆ. ಕೆಳಗಿನ ವರಸೆಯಲ್ಲಿ ಹೊಸ ಕೋಶಗಳು ಹುಟ್ಟಿ ಮೇಲೇರುತ್ತ ಹೋಗುತ್ತವೆ. ಮೇಲಿನವು ಸವೆದು ಉದುರುತ್ತವೆ. ಹೀಗೆ ಸುಮಾರು ಎರಡು ವಾರಗಳಲ್ಲಿ ಈ ಪದರ ಹೊಸದಾಗುತ್ತದೆ. ಇಟ್ಟಿಗೆಗಳ ನಡುವೆ ಗಾರೆ ಇರುವಂತೆ ಕೋಶ ಕೋಶವನ್ನು ಬೆಸೆಯುವ ಪ್ರೋಟೀನುಗಳಿವೆ. ಅವುಗಳಲ್ಲಿ ಮುಖ್ಯವಾದುದು ಇ-ಕ್ಯಾಡಹೆರಿನ್. ಆಹಾರದ ಉಜ್ಜಾಟ ಹೆಚ್ಚಾಗಿರುವ ಒಸಡು ಮತ್ತು ಗಟ್ಟಿ ಅಂಗುಳಿನಲ್ಲಿ ಈ ಪದರದ ಮೇಲ್ಮೈ ಚರ್ಮದಂತೆ ಗಡುಸಾಗಿರುತ್ತದೆ. ಕೆನ್ನೆಯ ಒಳಗೆ, ನಾಲಿಗೆಯ ಅಡಿಯಲ್ಲಿ ಮೃದುವಾಗಿರುತ್ತದೆ.

ಈ ಗೋಡೆಯ ಮೇಲೆ ಲಾಲಾರಸ ಸದಾ ಹರಿಯುತ್ತಿರುತ್ತದೆ. ದಿನವೊಂದಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನಷ್ಟು ಸ್ರವಿಸುವ ಈ ರಸ ಆಹಾರವನ್ನು ನೆನೆಸುವುದಕ್ಕಷ್ಟೇ ಇರುವುದಲ್ಲ. ಶಿಲೀಂಧ್ರವನ್ನು ಕೊಲ್ಲುವ ಹಿಸ್ಟಾಟಿನ್, ಬ್ಯಾಕ್ಟೀರಿಯಾಗಳ ಕವಚವನ್ನು ಒಡೆಯುವ ಲೈಸೋಜೈಮ್, ರೋಗಾಣುಗಳು ಗೋಡೆಗೆ ಅಂಟದಂತೆ ತಡೆಯುವ ಐಜಿಎ ಎಂಬ ಪ್ರತಿಕಾಯ, ಇವೆಲ್ಲ ಅದರಲ್ಲಿವೆ. ಗೋಡೆ, ಹರಿವ ನೀರು, ಇವೆರಡರ ಜೊತೆಗೆ ಮೂರನೆಯ ರಕ್ಷಣೆಯಾಗಿ ಜೀವಂತ ಕಾವಲುಗಾರರಿದ್ದಾರೆ. ನಾವು ಹೇಳಹೊರಟಿರುವುದು ಮುಖ್ಯವಾಗಿ ಅವರ ಕಥೆಯನ್ನು.

ವಿದ್ಯಾರ್ಥಿಯೊಬ್ಬ ಕಂಡ ಕೋಶ

೧೮೬೮ರಲ್ಲಿ ಜರ್ಮನಿಯ ಬರ್ಲಿನ್ ನಗರದಲ್ಲಿ ಪೌಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ ಚರ್ಮದ ತುಣುಕಿಗೆ ಚಿನ್ನದ ಲವಣದ ಬಣ್ಣ ಹಚ್ಚಿ ಪರೀಕ್ಷಿಸಿದನು. ಚರ್ಮದ ಕೋಶಗಳ ನಡುವೆ ರೆಂಬೆಗಳಂತೆ ಕೈಚಾಚಿ ನಿಂತ ಕಪ್ಪು ಕೋಶಗಳು ಅವನಿಗೆ ಕಂಡವು. ಅವು ನರಕೋಶಗಳಿರಬೇಕೆಂದು ಅವನು ಭಾವಿಸಿದನು. ಮರುವರ್ಷ ಇದೇ ತರುಣ ಮೇದೋಜೀರಕ ಗ್ರಂಥಿಯಲ್ಲಿ ಕಂಡ ಕೋಶಗಳ ಗುಂಪುಗಳೇ ಮುಂದೆ ಇನ್ಸುಲಿನ್ ಉತ್ಪಾದಿಸುವ ‘ಲ್ಯಾಂಗರ್‌ಹಾನ್ಸ್ ದ್ವೀಪ’ಗಳೆಂದು ಪ್ರಸಿದ್ಧವಾದವು. ಸಕ್ಕರೆ ಕಾಯಿಲೆಯ ಬಗ್ಗೆ ಓದಿದವರಿಗೆ ಈ ಹೆಸರು ಪರಿಚಿತವೇ.

ಚರ್ಮದಲ್ಲಿ ಕಂಡ ಆ ಕೋಶಗಳು ನರಕೋಶಗಳಲ್ಲ, ರೋಗನಿರೋಧಕ ವ್ಯವಸ್ಥೆಯ ಹೊರಠಾಣೆಗಳು ಎಂಬುದು ಸ್ಪಷ್ಟವಾಗಲು ನೂರು ವರ್ಷಗಳೇ ಬೇಕಾದವು. ೧೯೭೩ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋಹನ್ ಅವರು ಇದೇ ಬಗೆಯ ರೆಂಬೆಕೋಶಗಳನ್ನು ವರ್ಣಿಸಿದರು. ಈ ಕೋಶಗಳ ಕೆಲಸವನ್ನು ಬಯಲಿಗೆ ತಂದ ಸ್ಟೈನ್‌ಮನ್ ಅವರಿಗೆ ೨೦೧೧ರಲ್ಲಿ ನೊಬೆಲ್ ಪ್ರಶಸ್ತಿ ಘೋಷಣೆಯಾಯಿತು. ಆದರೆ ಘೋಷಣೆಗೆ ಮೂರು ದಿನ ಮೊದಲೇ ಅವರು ತೀರಿಕೊಂಡಿದ್ದರು.

ಲ್ಯಾಂಗರ್‌ಹಾನ್ಸ್ ಕೋಶಗಳು ಬಾಯಿಯ ಒಳಪದರದಲ್ಲಿಯೂ ಇವೆ. ಅವುಗಳ ಕೆಲಸವನ್ನು ಊರಿನ ತಳವಾರನ ಕೆಲಸಕ್ಕೆ ಹೋಲಿಸಬಹುದು. ತಳವಾರನು ಹೊಸಬರನ್ನು ಕಂಡರೆ ತಾನೇ ಶಿಕ್ಷೆ ವಿಧಿಸುವುದಿಲ್ಲ. ಚಾವಡಿಗೆ ಸುದ್ದಿ ಮುಟ್ಟಿಸುತ್ತಾನೆ. ಹಾಗೆಯೇ ಈ ಕೋಶ ಒಳಬಂದ ಪರಕೀಯ ವಸ್ತುವಿನ ತುಣುಕನ್ನು ಹಿಡಿದು, ಕುತ್ತಿಗೆಯ ಬಳಿಯ ಹಾಲ್ರಸ ಗಂಟುಗಳಿಗೆ ಪಯಣಿಸಿ, ಅಲ್ಲಿರುವ ಟಿ ಕೋಶಗಳಿಗೆ ಅದರ ಗುರುತು ತೋರಿಸುತ್ತದೆ. ಗುರುತು ಹಿಡಿದ ಟಿ ಕೋಶಗಳು ಸಂಖ್ಯೆಯಲ್ಲಿ ವೃದ್ಧಿಸಿ, ಬಂದ ದಾರಿಯನ್ನು ಹಿಡಿದು ಕಾದಾಟದ ಸ್ಥಳಕ್ಕೆ ಹೊರಡುತ್ತವೆ.

ಟಿ ಕೋಶಗಳಲ್ಲಿ ಎರಡು ಮುಖ್ಯ ಪಂಗಡಗಳು. ಸಿಡಿ೪ ಎಂಬ ಗುರುತುಳ್ಳವು ಇತರ ಕೋಶಗಳಿಗೆ ಆದೇಶ ನೀಡಿ ನೆರವಾಗುವಂಥವು. ಸಿಡಿ೮ ಗುರುತುಳ್ಳವು ಸೋಂಕಿತ ಕೋಶಗಳನ್ನು ನೇರವಾಗಿ ಕೊಲ್ಲುವಂಥವು. ಸಿಡಿ೪ ಕೋಶಗಳಲ್ಲಿ ಟಿಎಚ್೧೭ ಎಂಬ ಒಂದು ಒಳಪಂಗಡವಿದೆ. ಇವು ಇಂಟರ್‌ಲ್ಯೂಕಿನ್-೧೭ ಎಂಬ ರಾಸಾಯನಿಕ ಸಂದೇಶವನ್ನು ಹೊರಡಿಸುತ್ತವೆ. ಆ ಸಂದೇಶ ತಲುಪಿದೊಡನೆ ಬಾಯಿಯ ಗೋಡೆಯ ಕೋಶಗಳು ಶಿಲೀಂಧ್ರನಾಶಕ ಪ್ರೋಟೀನುಗಳನ್ನು ಸ್ರವಿಸುತ್ತವೆ. ಬಿಳಿಯ ರಕ್ತಕಣಗಳು ಧಾವಿಸಿ ಬರುತ್ತವೆ. ಈ ಸಂದೇಶ ಎಷ್ಟು ಅವಶ್ಯಕವೆಂಬುದನ್ನು ೨೦೧೧ರಲ್ಲಿ ಪ್ಯಾರಿಸ್ಸಿನ ಆನ್ ಪ್ಯುಯೆಲ್, ಜ್ಯಾಂ-ಲೋರಾಂ ಕಾಸನೋವಾ ಮತ್ತು ಅವರ ಸಂಗಡಿಗರು ತೋರಿಸಿದರು. ಹುಟ್ಟಿನಿಂದಲೇ ಈ ಸಂದೇಶದ ವ್ಯವಸ್ಥೆಯಲ್ಲಿ ದೋಷವಿರುವವರಿಗೆ ಬಾಯಿ, ಚರ್ಮ, ಉಗುರುಗಳಲ್ಲಿ ಕ್ಯಾಂಡಿಡಾ ಸೋಂಕು ಬಿಡದೆ ಕಾಡುತ್ತದೆ.

ಕಾವಲುಗಾರನನ್ನೇ ಹಿಡಿಯುವ ಕಳ್ಳ

ಎಚ್‌ಐವಿಯ ಕಪಟ ಇರುವುದೇ ಇಲ್ಲಿ. ಬೇರೆ ರೋಗಾಣುಗಳು ಕಾವಲುಗಾರರ ಕಣ್ಣು ತಪ್ಪಿಸಲು ನೋಡುತ್ತವೆ. ಈ ವೈರಾಣುವಾದರೋ ಕಾವಲುಗಾರರ ಗುರುತಿನ ಬಿಲ್ಲೆಯನ್ನೇ ಬೀಗದ ಕೈಯಂತೆ ಬಳಸುತ್ತದೆ. ಕೋಶದ ಮೇಲಿನ ಸಿಡಿ೪ ಅಣುವನ್ನು ಹಿಡಿದು, ಸಿಸಿಆರ್೫ ಎಂಬ ಮತ್ತೊಂದು ಅಣುವಿನ ನೆರವಿನಿಂದ ಒಳನುಗ್ಗಿ, ಕೋಶದ ವಂಶವಾಹಿಯಲ್ಲಿಯೇ ತನ್ನ ಪ್ರತಿಯನ್ನು ಬರೆದಿಡುತ್ತದೆ. ಆ ಬಳಿಕ ಕೋಶವು ತನ್ನ ಕೆಲಸ ಬಿಟ್ಟು ವೈರಾಣುವಿನ ಕಾರ್ಖಾನೆಯಾಗುತ್ತದೆ.

ಆರೋಗ್ಯವಂತರ ರಕ್ತದ ಒಂದು ಘನ ಮಿಲಿಮೀಟರಿನಲ್ಲಿ ಸಾಮಾನ್ಯವಾಗಿ ೫೦೦ರಿಂದ ೧೫೦೦ರಷ್ಟು ಸಿಡಿ೪ ಕೋಶಗಳಿರುತ್ತವೆ. ಚಿಕಿತ್ಸೆಯಿಲ್ಲದ ಎಚ್‌ಐವಿ ಸೋಂಕಿನಲ್ಲಿ ಈ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ೨೦೦ಕ್ಕಿಂತ ಕೆಳಗೆ ಬಂದಾಗ ಬಾಯಿಯ ಕ್ಯಾಂಡಿಡಾ ಸೋಂಕು ಬಹು ಸಾಮಾನ್ಯವಾಗುತ್ತದೆ. ಟಿಎಚ್೧೭ ಕೋಶಗಳು ವಿಶೇಷವಾಗಿ ಈ ವೈರಾಣುವಿಗೆ ಬಲಿಯಾಗುವುದರಿಂದ ಶಿಲೀಂಧ್ರದ ವಿರುದ್ಧ ಸಂದೇಶ ಕಳಿಸುವವರೇ ಇಲ್ಲವಾಗುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ಕ್ಯಾಂಡಿಡಾ ಹೊರಗಿನಿಂದ ಹೊಸದಾಗಿ ಬಂದ ವೈರಿಯಲ್ಲ. ಎಷ್ಟೋ ಆರೋಗ್ಯವಂತರ ಬಾಯಲ್ಲಿ ಅದು ಸುಮ್ಮನೆ ಇರುತ್ತದೆ. ಕಾವಲು ಸಡಿಲಿದಾಗ ಮಾತ್ರ ತಲೆ ಎತ್ತುತ್ತದೆ.

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಪೌಲ್ ಫಿಡೆಲ್ ಮತ್ತು ಸಂಗಡಿಗರು ಎಚ್‌ಐವಿ ಪೀಡಿತರ ಬಾಯಿಯ ಪದರವನ್ನು ಪರೀಕ್ಷಿಸಿದಾಗ ಒಂದು ಕುತೂಹಲದ ದೃಶ್ಯ ಕಂಡುಬಂದಿತು. ಶಿಲೀಂಧ್ರ ಬೆಳೆಯುವುದು ಪದರದ ಮೇಲ್ಭಾಗದಲ್ಲಿ. ಸಿಡಿ೪ ಕೋಶಗಳು ಕುಗ್ಗಿದ್ದರಿಂದ ಅವುಗಳ ಬದಲಿಗೆಂಬಂತೆ ಸಿಡಿ೮ ಕೋಶಗಳು ಗುಂಪುಗೂಡಿದ್ದವು. ಆದರೆ ಅವು ನಿಂತದ್ದು ಪದರದ ತಳಭಾಗದಲ್ಲಿ, ಶಿಲೀಂಧ್ರದಿಂದ ದೂರದಲ್ಲಿ. ಸೋಂಕು ಇದ್ದವರ ಪದರದಲ್ಲಿ ಇ-ಕ್ಯಾಡಹೆರಿನ್ ಕಡಿಮೆಯಾಗಿತ್ತು. ಟಿ ಕೋಶಗಳು ಮೇಲೇರಲು ಈ ಪ್ರೋಟೀನು ಕೈಹಿಡಿಯುವ ಮೆಟ್ಟಿಲಿನಂತೆ ನೆರವಾಗುತ್ತದೆಂದು ಅವರು ತರ್ಕಿಸಿದರು. ಕಾವಲುಗಾರರು ಇದ್ದರೂ ಏಣಿ ಮುರಿದಿದ್ದರೆ ಅಟ್ಟ ಏರಲಾಗದು. ಸಿಡಿ೪ ಕಡಿಮೆಯಾದ ಎಲ್ಲರಿಗೂ ಬಾಯಿಯ ಸೋಂಕು ಏಕೆ ಬರುವುದಿಲ್ಲವೆಂಬ ಪ್ರಶ್ನೆಗೆ ಇದು ಒಂದು ಉತ್ತರ.

ಲ್ಯಾಂಗರ್‌ಹಾನ್ಸ್ ಕೋಶಗಳ ಪಾತ್ರ ಇನ್ನೂ ಸೂಕ್ಷ್ಮವಾದುದು. ಅವುಗಳ ಮೇಲೆ ಲ್ಯಾಂಗರಿನ್ ಎಂಬ ಅಣುವಿದೆ. ೨೦೦೭ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಟ್ಯೂನಿಸ್ ಗೈಟೆನ್‌ಬೀಕ್ ಅವರ ತಂಡ ಲ್ಯಾಂಗರಿನ್ ಅಣು ಎಚ್‌ಐವಿಯನ್ನು ಹಿಡಿದು ಕೋಶದೊಳಗಿನ ಚೀಲಗಳಲ್ಲಿ ಕೊಂಡೊಯ್ದು ನಾಶಪಡಿಸುವುದನ್ನು ತೋರಿಸಿತು. ಅಂದರೆ ಈ ಕೋಶ ವೈರಾಣುವಿಗೆ ಸಹಜವಾದ ಒಂದು ತಡೆ. ಆದರೆ ವೈರಾಣುವಿನ ಪ್ರಮಾಣ ಹೆಚ್ಚಾದಾಗ ಈ ತಡೆ ಸಾಲದಾಗುತ್ತದೆ. ಆಗ ಕೋಶವೇ ಸೋಂಕಿಗೆ ಒಳಗಾಗಿ ವೈರಾಣುವನ್ನು ಟಿ ಕೋಶಗಳಿಗೆ ದಾಟಿಸುವ ಸಂಭವವುಂಟು.

ಕಣ್ಣಿಗೆ ಕಾಣುವ ಗುರುತುಗಳು

ಈ ಒಳಗಿನ ಹೋರಾಟದ ಫಲವಾಗಿ ಬಾಯಲ್ಲಿ ಕಾಣುವ ಗುರುತುಗಳು ಹಲವು. ಮೊದಲನೆಯದು ಅಂಗುಳು, ಕೆನ್ನೆ, ನಾಲಿಗೆಗಳ ಮೇಲೆ ಮೊಸರಿನ ಗಟ್ಟಿಯಂತೆ ಕಾಣುವ ಬಿಳಿಯ ಪದರ. ಒರೆಸಿದರೆ ಅದು ಕಿತ್ತುಬಂದು ಕೆಳಗೆ ಕೆಂಪಾಗಿರುತ್ತದೆ. ಕೆಲವರಲ್ಲಿ ಬಿಳುಪಿಲ್ಲದೆ ಬರಿಯ ಕೆಂಪು ಮಚ್ಚೆಗಳಾಗಿಯೂ, ತುಟಿಯ ಮೂಲೆಗಳು ಒಡೆದೂ ಇದು ತೋರುತ್ತದೆ. ನುಂಗುವಾಗ ನೋವಿದ್ದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದೆಂದು ಶಂಕಿಸಬೇಕು.

ಎರಡನೆಯದು ನಾಲಿಗೆಯ ಪಕ್ಕದ ಅಂಚಿನಲ್ಲಿ ಸುಕ್ಕುಸುಕ್ಕಾಗಿ, ಕೂದಲೆಳೆಗಳಂತೆ ಎದ್ದು ಕಾಣುವ ಬಿಳಿಯ ಗೆರೆಗಳು. ಇದನ್ನು ೧೯೮೪ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಡೆಬೊರಾ ಗ್ರೀನ್‌ಸ್ಪಾನ್, ಜಾನ್ ಗ್ರೀನ್‌ಸ್ಪಾನ್ ಮತ್ತು ಸಂಗಡಿಗರು ಮೊದಲ ಬಾರಿಗೆ ವರ್ಣಿಸಿದರು. ಒರೆಸಿದರೆ ಇದು ಹೋಗುವುದಿಲ್ಲ. ಬಹುಪಾಲು ವಯಸ್ಕರ ದೇಹದಲ್ಲಿ ಜೀವಮಾನವಿಡೀ ಸುಪ್ತವಾಗಿರುವ ಎಪ್‌ಸ್ಟೀನ್-ಬಾರ್ ವೈರಾಣು ಕಾವಲು ಸಡಿಲಿದ ಜಾಗದಲ್ಲಿ ಎಚ್ಚರಗೊಳ್ಳುವುದೇ ಇದರ ಕಾರಣ. ಅದೇ ನಗರದ ಸಂಶೋಧಕರು ೧೯೮೭ರಲ್ಲಿ ಈ ಬಿಳಿಯ ಗೆರೆಗಳ ಭಾಗವನ್ನು ಪರೀಕ್ಷಿಸಿದಾಗ ಅಲ್ಲಿ ಲ್ಯಾಂಗರ್‌ಹಾನ್ಸ್ ಕೋಶಗಳು ಇಲ್ಲವೇ ಇಲ್ಲವೆನ್ನುವಷ್ಟು ಕ್ಷೀಣಿಸಿದ್ದುದನ್ನು ಕಂಡರು. ತಳವಾರನಿಲ್ಲದ ಓಣಿಯಲ್ಲಿ ಹಳೆಯ ಕಳ್ಳನೊಬ್ಬ ಹೊರಬಂದಂತೆ ಇದು.

ಬಿಡದ ಬಾಯಿಹುಣ್ಣು, ಒಸಡಿನ ಅಂಚಿನ ಕೆಂಪು ಗೆರೆ, ಒಸಡು ಕೊಳೆತು ರಕ್ತ ಸೋರುವುದು, ಅಂಗುಳಿನ ಮೇಲೆ ನೇರಳೆ ಬಣ್ಣದ ಗಂಟುಗಳು, ಇವೂ ಎಚ್ಚರಿಕೆಯ ಗುರುತುಗಳೇ. ವಿಶ್ವ ಆರೋಗ್ಯ ಸಂಸ್ಥೆಯು ಎಚ್‌ಐವಿ ಸೋಂಕನ್ನು ನಾಲ್ಕು ಹಂತಗಳಲ್ಲಿ ವಿಂಗಡಿಸಿದ್ದು, ಬಿಡದೆ ಇರುವ ಬಾಯಿಯ ಕ್ಯಾಂಡಿಡಾ ಸೋಂಕನ್ನೂ ನಾಲಿಗೆಯಂಚಿನ ಬಿಳಿಯ ಗೆರೆಗಳನ್ನೂ ಮೂರನೆಯ ಹಂತದಲ್ಲಿ ಇರಿಸಿದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಾಯಲ್ಲಿ ಬಿಳುಪು ಕಂಡವರೆಲ್ಲರಿಗೂ ಎಚ್‌ಐವಿ ಇದೆಯೆಂದು ತಿಳಿಯುವುದು ಘೋರ ಅನ್ಯಾಯ. ಹಸುಳೆಗಳ ಬಾಯಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ, ಕಟ್ಟಿಸಿದ ಹಲ್ಲಿನ ಸೆಟ್ಟು ಧರಿಸುವ ಹಿರಿಯರಲ್ಲಿ, ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರ್ ಬಳಸುವವರಲ್ಲಿ, ದೀರ್ಘಕಾಲ ಆಂಟಿಬಯೋಟಿಕ್ ಸೇವಿಸಿದವರಲ್ಲಿ ಕ್ಯಾಂಡಿಡಾ ಸೋಂಕು ಕಾಣುವುದು ಸಾಮಾನ್ಯ. ಗುಟಕಾ, ತಂಬಾಕು, ಅಡಿಕೆ ಜಗಿಯುವವರ ಕೆನ್ನೆಯೊಳಗೆ ಕಾಣುವ ಬಿಳಿಯ ಮಚ್ಚೆ ಬೇರೆಯೇ ಬಗೆಯದು. ಅದು ಕ್ಯಾನ್ಸರಿಗೆ ಮುನ್ಸೂಚನೆಯಾಗಬಲ್ಲದು. ನಿರ್ಣಯಿಸಬೇಕಾದವರು ವೈದ್ಯರು, ನೆರೆಹೊರೆಯವರಲ್ಲ.

ಲಾಲಾರಸ ಮತ್ತು ಸಹಪಂಕ್ತಿ

ಬಾಯಿಯ ವಿಚಾರ ಬಂದಾಗ ಕುಟುಂಬಗಳನ್ನು ಕಾಡುವ ಪ್ರಶ್ನೆ ಒಂದೇ: ಜೊತೆಯಲ್ಲಿ ಉಂಡರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಸೋಂಕು ತಗಲುವುದೇ? ತಗಲುವುದಿಲ್ಲ. ಇದು ಸಮಾಧಾನಕ್ಕೆ ಹೇಳುವ ಮಾತಲ್ಲ. ಇದರ ಹಿಂದೆ ಸ್ಪಷ್ಟ ಕಾರಣಗಳಿವೆ. ಲಾಲಾರಸದಲ್ಲಿ ಈ ವೈರಾಣುವಿನ ಪ್ರಮಾಣ ಅತ್ಯಲ್ಪ. ಅದರಲ್ಲಿರುವ ಎಸ್‌ಎಲ್‌ಪಿಐ ಎಂಬ ಪ್ರೋಟೀನು ವೈರಾಣು ಕೋಶ ಹೊಗುವುದನ್ನು ತಡೆಯುತ್ತದೆ. ಲಾಲಾರಸದಲ್ಲಿ ಲವಣದ ಅಂಶ ರಕ್ತಕ್ಕಿಂತ ಬಹಳ ಕಡಿಮೆಯಿರುವುದರಿಂದ ಅದರೊಳಗೆ ಬಿದ್ದ ಸೋಂಕಿತ ಬಿಳಿಯ ಕಣಗಳು ನೀರು ಹೀರಿ ಉಬ್ಬಿ ಒಡೆದುಹೋಗುತ್ತವೆ. ಎಚ್‌ಐವಿ ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕ, ಸೋಂಕಿತ ರಕ್ತ, ಹಂಚಿಕೊಂಡ ಸೂಜಿ, ಮತ್ತು ತಾಯಿಯಿಂದ ಮಗುವಿಗೆ. ತಟ್ಟೆ, ಲೋಟ, ಅಪ್ಪುಗೆ, ಕೆಮ್ಮುಗಳಿಂದಲ್ಲ.

ಬಾಯಿಯ ದ್ರವದಿಂದ ಎಚ್‌ಐವಿ ಪತ್ತೆಮಾಡುವ ಪರೀಕ್ಷೆಯೂ ಇದೆ. ೨೦೧೨ರಲ್ಲಿ ಅಮೆರಿಕದಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳಲು ಅದಕ್ಕೆ ಅನುಮತಿ ದೊರೆಯಿತು. ಇದನ್ನು ಕೇಳಿ ‘ಹಾಗಾದರೆ ಎಂಜಲಿನಲ್ಲಿ ವೈರಾಣು ಇರಲೇಬೇಕಲ್ಲ’ ಎಂದು ಹೆದರುವವರುಂಟು. ಆ ಪರೀಕ್ಷೆ ಹುಡುಕುವುದು ವೈರಾಣುವನ್ನಲ್ಲ, ಒಸಡಿನ ಅಂಚಿನಿಂದ ಜಿನುಗುವ ಪ್ರತಿಕಾಯಗಳನ್ನು; ಅಂದರೆ ದೇಹವು ತಾನೇ ತಯಾರಿಸಿದ ರಕ್ಷಣಾ ಪ್ರೋಟೀನನ್ನು.

ದಾಸೋಹದ ಪಂಕ್ತಿಯಲ್ಲಿ ಯಾರ ಪಕ್ಕದಲ್ಲಿ ಯಾರು ಕುಳಿತರೆಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ಎಚ್‌ಐವಿ ಇದೆಯೆಂದು ತಿಳಿದೊಡನೆ ಸೊಸೆಯ ತಟ್ಟೆಯನ್ನು ಬೇರೆ ಇಡುವ, ಮಗನ ಹಾಸಿಗೆಯನ್ನು ಪಡಸಾಲೆಗೆ ಹಾಕುವ ಮನೆಗಳು ಇಲ್ಲವೆಂದು ಎದೆಮುಟ್ಟಿ ಹೇಳಲಾದೀತೆ? ವಿಜ್ಞಾನದ ಆಧಾರವಾಗಲಿ ಧರ್ಮದ ಆಧಾರವಾಗಲಿ ಇಲ್ಲದ ಈ ಆಚರಣೆಯಿಂದ ಆಗುವ ಹಾನಿ ದೊಡ್ಡದು. ತಟ್ಟೆ ಬೇರೆಯಾಗುವುದೆಂಬ ಭಯದಿಂದಲೇ ಜನರು ಪರೀಕ್ಷೆಗೆ ಹಿಂಜರಿಯುತ್ತಾರೆ. ಪರೀಕ್ಷೆ ತಡವಾದಷ್ಟೂ ಸಿಡಿ೪ ಕೋಶಗಳು ಕರಗುತ್ತವೆ.

ಕಾವಲು ಮರಳಿ ಬರುವುದು

ಈ ಕಥೆಯ ಉತ್ತರಾರ್ಧ ಆಶಾದಾಯಕವಾಗಿದೆ. ೧೯೯೬ರಿಂದ ಮೂರು ಔಷಧಿಗಳನ್ನು ಜೊತೆಗೂಡಿಸಿ ಕೊಡುವ ಎಆರ್‌ಟಿ ಚಿಕಿತ್ಸೆ ಬಳಕೆಗೆ ಬಂದಿತು. ಔಷಧಿ ವೈರಾಣುವಿನ ವೃದ್ಧಿಯನ್ನು ನಿಲ್ಲಿಸಿದಾಗ ಸಿಡಿ೪ ಕೋಶಗಳು ಕ್ರಮೇಣ ಹೆಚ್ಚುತ್ತವೆ. ಬಾಯಿಯ ಕ್ಯಾಂಡಿಡಾ ಸೋಂಕು, ನಾಲಿಗೆಯಂಚಿನ ಬಿಳಿಯ ಗೆರೆಗಳು ಬಹುಮಟ್ಟಿಗೆ ಮರೆಯಾಗುತ್ತವೆ. ಕ್ಯಾಂಡಿಡಾಕ್ಕೆ ಕ್ಲೋಟ್ರಿಮಜೋಲ್, ಫ್ಲುಕೋನಜೋಲ್ ಮೊದಲಾದ ಔಷಧಿಗಳಿವೆಯಾದರೂ ಮೂಲ ಕಾವಲು ಮರಳದ ಹೊರತು ಅದು ಮತ್ತೆ ಮತ್ತೆ ಬರುತ್ತದೆ. ಎಆರ್‌ಟಿ ವೈರಾಣುವನ್ನು ದೇಹದಿಂದ ಸಂಪೂರ್ಣವಾಗಿ ಅಳಿಸುವುದಿಲ್ಲ. ಕೆಲವು ಕೋಶಗಳಲ್ಲಿ ಅದು ಅಡಗಿಯೇ ಇರುತ್ತದೆ. ಆದಕಾರಣ ಔಷಧಿಯನ್ನು ಜೀವಮಾನವಿಡೀ, ಒಂದು ದಿನವೂ ತಪ್ಪದೆ ಸೇವಿಸಬೇಕು.

ಭಾರತದಲ್ಲಿ ಎಚ್‌ಐವಿ ಸೋಂಕು ಮೊದಲು ಪತ್ತೆಯಾದುದು ೧೯೮೬ರಲ್ಲಿ, ಅಂದಿನ ಮದ್ರಾಸಿನಲ್ಲಿ, ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ಸೆಲ್ಲಪ್ಪನ್ ನಿರ್ಮಲಾ ಅವರ ಪರಿಶ್ರಮದಿಂದ. ೨೦೦೪ರ ಏಪ್ರಿಲ್ ೧ರಂದು ಸರಕಾರ ಉಚಿತ ಎಆರ್‌ಟಿ ಆರಂಭಿಸಿದಾಗ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಸೇರಿತ್ತು. ಬಾಗಲಕೋಟೆ, ಬೆಳಗಾವಿಗಳಂಥ ಉತ್ತರದ ಜಿಲ್ಲೆಗಳು ಅಂದು ಹೆಚ್ಚಿನ ಬಾಧೆ ಉಂಡವು. ೨೦೧೭ರಿಂದ ಸಿಡಿ೪ ಸಂಖ್ಯೆ ಎಷ್ಟೇ ಇರಲಿ, ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ನೀಡುವ ನೀತಿ ಜಾರಿಯಲ್ಲಿದೆ. ಅಂದರೆ ಬಾಯಲ್ಲಿ ಬಿಳುಪು ಮೂಡುವ ತನಕ ಕಾಯಬೇಕಾದ ಅಗತ್ಯವೇ ಇಲ್ಲ.

ಔಷಧಿ ತಪ್ಪದೆ ಸೇವಿಸಿ ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಬಾಳಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ಹರಡುವುದಿಲ್ಲವೆಂದು ೨೦೧೬ ಮತ್ತು ೨೦೧೯ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನಗಳು ತೋರಿಸಿವೆ. ತಾಯಂದಿರ ವಿಷಯವಂತೂ ಇನ್ನೂ ಮುಖ್ಯ. ಎದೆಹಾಲು ಕುಡಿಯುವ ಕೂಸಿನ ಬಾಯಿ, ಗಂಟಲು, ಕರುಳುಗಳ ಪದರವೇ ವೈರಾಣುವಿಗೆ ಬಾಗಿಲಾಗಬಲ್ಲದು. ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ ಸೋಂಕು ತಗಲುವ ಸಂಭವ ನೂರಕ್ಕೆ ೧೫ರಿಂದ ೪೫ರಷ್ಟು. ತಾಯಿಗೂ ಮಗುವಿಗೂ ಸಕಾಲದಲ್ಲಿ ಔಷಧಿ ದೊರೆತರೆ ಅದು ೫ಕ್ಕಿಂತ ಕೆಳಗಿಳಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿಯಾದ ಪ್ರತಿಯೊಬ್ಬ ಹೆಣ್ಣುಮಗಳಿಗೂ ಮೊದಲ ತಿಂಗಳುಗಳಲ್ಲಿಯೇ ಈ ಪರೀಕ್ಷೆ ಮಾಡಿಸುವುದು ಮನೆಯ ಹಿರಿಯರ ಹೊಣೆ.

ನಾವು ಮಾಡಬಹುದಾದುದು

ತಿಂಗಳಿಗೊಮ್ಮೆಯಾದರೂ ಬೆಳಕಿನಲ್ಲಿ ಕನ್ನಡಿ ಹಿಡಿದು ನಾಲಿಗೆಯ ಅಂಚು, ಕೆನ್ನೆಯ ಒಳಭಾಗ, ಅಂಗುಳುಗಳನ್ನು ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಎರಡು ವಾರ ಕಳೆದರೂ ಮಾಯದ ಹುಣ್ಣು, ಮಚ್ಚೆಗಳಿದ್ದರೆ ದಂತವೈದ್ಯರನ್ನೋ ಸರಕಾರಿ ಆಸ್ಪತ್ರೆಯನ್ನೋ ಕಾಣಬೇಕು. ಧೂಮಪಾನ, ತಂಬಾಕುಗಳನ್ನು ತೊರೆಯಬೇಕು. ಇವು ಎಲ್ಲರ ಬಾಯಿಗೂ ಕೇಡು, ಎಚ್‌ಐವಿ ಇರುವವರಿಗೆ ಇಮ್ಮಡಿ ಕೇಡು. ಸರಕಾರಿ ಪರೀಕ್ಷಾ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆಯೂ ಆಪ್ತಸಲಹೆಯೂ ಉಚಿತ. ೧೦೯೭ ಎಂಬ ರಾಷ್ಟ್ರೀಯ ಸಹಾಯವಾಣಿಗೆ ಹಣವಿಲ್ಲದೆ ಕರೆಮಾಡಬಹುದು.

ಸೋಂಕಿತರ ಹಕ್ಕುಗಳನ್ನು ಕಾಯಲು ಸಂಸತ್ತು ೨೦೧೭ರಲ್ಲಿ ಅಂಗೀಕರಿಸಿದ ಎಚ್‌ಐವಿ ಮತ್ತು ಏಡ್ಸ್ ಕಾಯಿದೆ ೨೦೧೮ರ ಸೆಪ್ಟೆಂಬರ್ ೧೦ರಿಂದ ಜಾರಿಯಲ್ಲಿದೆ. ಉದ್ಯೋಗ, ಶಿಕ್ಷಣ, ಚಿಕಿತ್ಸೆ, ವಾಸಗಳಲ್ಲಿ ಭೇದ ಮಾಡುವುದನ್ನು ಅದು ನಿಷೇಧಿಸುತ್ತದೆ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿನ ಸಂಗತಿಯನ್ನು ಬಯಲು ಮಾಡುವಂತಿಲ್ಲ. ಆದರೆ ಅಡುಗೆಮನೆಯಲ್ಲಿ ನಡೆಯುವ ಭೇದವನ್ನು ಕಾಯಿದೆ ನೋಡಲಾರದು. ಅದನ್ನು ತಡೆಯಬೇಕಾದವರು ಮನೆಯವರೇ.

ದೇಹದೊಳಗಿನ ಕಾವಲುಗಾರರನ್ನು ಉಳಿಸುವ ಗುಳಿಗೆ ಇಂದು ನಮ್ಮ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಆ ಗುಳಿಗೆಯನ್ನು ಮರೆಮಾಚದೆ, ಮನೆಯವರ ನಡುವೆಯೇ ಕುಳಿತು, ಅದೇ ತಂಬಿಗೆಯ ನೀರಿನಿಂದ ನುಂಗುವ ಧೈರ್ಯವನ್ನು ರೋಗಿಗೆ ಕೊಡಬೇಕಾದವರು ನಾವು.